ಹಳೇ ಟಿಲ್ಲರ್ ಓಡಬೇಕು, ಹಳೇ ಬಣ್ಣವೂ ಉಳಿಯಬೇಕು

ನಮ್ಮ ಕೊಟ್ಟಿಗೆಯ ಮೂಲೆಯಲ್ಲಿ ಹದಿನಾಲ್ಕು ವರ್ಷ ಒಂದು ಟಿಲ್ಲರ್, ಅಂದರೆ ಹ್ಯಾಂಡಲ್ ಹಿಡಿದು ಹಿಂದೆ ನಡೆಯುತ್ತಾ ಗದ್ದೆ ಉಳುವ ಯಂತ್ರ, ಸುಮ್ನೆ ನಿಂತಿತ್ತು. ಕೆಂಪು ಮಿತ್ಸುಬಿಷಿ. 1986ರಲ್ಲಿ ನಮ್ಮ ಮಾವ ತಂದದ್ದು. ಕೊಪ್ಪ ತಾಲ್ಲೂಕಿನ ನಮ್ಮ ಸಣ್ಣ ಊರಿಗೆ ಬಂದ ಎರಡನೇ ಟಿಲ್ಲರ್ ಅದು. ಮೊದಲನೆಯದು ಯಾರದ್ದು ಅಂತ ಕೇಳಿದರೆ ಮಾವ ಈಗಲೂ ಮಾತು ಬದಲಿಸುತ್ತಾರೆ.

ಆ ಕಾಲದಲ್ಲಿ ಮಲೆನಾಡಿನ ಗದ್ದೆಗಳಲ್ಲಿ ಮುಖ್ಯವಾಗಿ ಎರಡು ಹೆಸರು ಕೇಳುತ್ತಿತ್ತು. ಒಂದು, 1967ರಲ್ಲಿ ಜಪಾನಿನ ಮಿತ್ಸುಬಿಷಿ ಜೊತೆ ಸೇರಿ ಬೆಂಗಳೂರಿನಲ್ಲಿ ಶುರುವಾದ ವಿ.ಎಸ್.ಟಿ. ಕಂಪನಿಯದ್ದು. ಇನ್ನೊಂದು, ಕೇರಳ ಸರ್ಕಾರ 1973ರಲ್ಲಿ ಶುರುಮಾಡಿದ ಕ್ಯಾಮ್ಕೋ. ಅದು ಜಪಾನಿನದ್ದೇ ಇನ್ನೊಂದು ಕಂಪನಿ, ಕುಬೋಟಾದವರ ತಂತ್ರಜ್ಞಾನ. ನಾನು ಹೇಳುವುದು ಎರಡಕ್ಕೂ ಹೆಚ್ಚುಕಡಿಮೆ ಹೊಂದುತ್ತದೆ. ಎರಡರಲ್ಲೂ ಇರುವುದು ಮಲಗಿದ ಒಂಟಿ ಸಿಲಿಂಡರಿನ, ನೀರಿನಿಂದ ತಣಿಯುವ ಡೀಸೆಲ್ ಎಂಜಿನ್.

ಗದ್ದೆ ಹೋಗಿ ಅಡಿಕೆ ತೋಟ ಬಂತು. ಟಿಲ್ಲರ್ ಮೂಲೆ ಸೇರಿತು. ಗುಜರಿಯವನು ಬಂದು ಕೆಜಿ ಲೆಕ್ಕದಲ್ಲಿ ಬೆಲೆ ಹೇಳಿದ ದಿನ ನಾನು ಅಡ್ಡ ನಿಂತೆ. ಹಿಂದೆ ಒಂದು ಟ್ರೈಲರ್ ಸಿಕ್ಕಿಸಿದರೆ ತೋಟಕ್ಕೆ ಗೊಬ್ಬರ ಸಾಗಿಸಬಹುದು ಅನ್ನುವುದು ನನ್ನ ಲೆಕ್ಕ. ನಾನು ಮೆಕ್ಯಾನಿಕ್ ಅಲ್ಲ. ಆದರೆ ಮನೆಯ ಪಂಪ್‌ಸೆಟ್, ಕಳೆ ಹೊಡೆಯುವ ಮೆಷಿನ್ ಎರಡರ ರಿಪೇರಿಯೂ ನನ್ನದೇ.

ಮಾವ ಖುಷಿಯಾದರು. ಆಮೇಲೆ ಒಂದು ಮಾತು ಸೇರಿಸಿದರು. "ಹಂಗಾದ್ರೆ ಮೊದ್ಲು ಬಣ್ಣ ಹೊಡ್ಸು. ಜನ ನೋಡಿದ್ರೆ ಎಂತ ಹೇಳ್ತಾರೆ?"

ಅಲ್ಲಿಂದ ಶುರು ನಮ್ಮ ಜಗಳ.

ಆ ಬಣ್ಣವನ್ನು ನಾನು ಯಾಕೆ ಮುಟ್ಟಲು ಬಿಡಲಿಲ್ಲ ಅಂತ ಹೇಳಿಬಿಡುತ್ತೇನೆ. ಟಿಲ್ಲರ್‌ನ ಬಾಗಿಲ ಕಡೆಯ ಮಗ್ಗುಲು ಬಿಸಿಲಿಗೆ ಮಾಸಿ ಗುಲಾಬಿಯಾಗಿದೆ. ಗೋಡೆ ಕಡೆಯದ್ದು ಇನ್ನೂ ಕುಂಕುಮದ ಕೆಂಪು. ಹ್ಯಾಂಡಲ್‌ನಲ್ಲಿ ಮಾವನ ಅಂಗೈ ಕೂರುತ್ತಿದ್ದ ಜಾಗದಲ್ಲಿ ಬಣ್ಣವೇ ಇಲ್ಲ, ಬರೀ ಕಬ್ಬಿಣ ಹೊಳೆಯುತ್ತದೆ. ಬೆಲ್ಟ್ ಕವರಿನ ಮೇಲೆ ಮೊಳೆಯಲ್ಲಿ ಕೆರೆದ ಸಾಲುಗಳಿವೆ: "ಆಯಿಲ್ 12-6-91", "ಆಯಿಲ್ 3-7-93". ಅಂದರೆ ಹೆಚ್ಚುಕಡಿಮೆ ಎರಡು ವರ್ಷ ಒಂದೇ ಆಯಿಲ್. ಇದನ್ನು ತೋರಿಸಿದಾಗ ಮಾವ, "ಮಧ್ಯೆ ಹಾಕಿದ್ದೆ, ಬರೆಯೋಕೆ ಮರ್ತೆ" ಅಂದರು.

ಹೊಸ ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು. ಹೋದ ಹಳೆಯದು ವಾಪಸ್ ಬರುವುದಿಲ್ಲ.

ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಕ್ರಮ ತಲೆಯಲ್ಲಿರಲಿ. ಬಣ್ಣದ ಕೆಲಸವನ್ನು ಎರಡು ಭಾಗ ಮಾಡಿಕೊಳ್ಳಬೇಕು. ತೊಳೆಯುವುದು ಎಲ್ಲಕ್ಕಿಂತ ಮೊದಲು, ಇಲ್ಲದಿದ್ದರೆ ನಟ್ಟು ಬಿಚ್ಚುವಾಗ ಮಣ್ಣು ಎಂಜಿನ್ ಒಳಗೆ ಹೋಗುತ್ತದೆ. ಎಣ್ಣೆ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ, ಯಾಕೆಂದರೆ ರಿಪೇರಿ ಮಾಡುವಾಗ ಡೀಸೆಲ್ ಚೆಲ್ಲದೆ ಇರುವುದಿಲ್ಲ.

ಮೊದಲು ನಾಲ್ಕೂ ಕಡೆಯಿಂದ ಫೋಟೋ ತೆಗೆಯಿರಿ. ಬೆಲ್ಟ್ ಹೇಗೆ ಕೂತಿದೆ, ಯಾವ ಕೇಬಲ್ ಯಾವ ಲಿವರ್‌ಗೆ ಹೋಗುತ್ತದೆ, ಎಲ್ಲವೂ ಬರಲಿ. ಆಮೇಲೆ ತೊಳೆಯುವುದು. ಸರ್ವಿಸ್ ಸ್ಟೇಷನ್ನಿನ ಪ್ರೆಷರ್ ನೀರು ಬೇಡವೇ ಬೇಡ. ಬಣ್ಣ ಬಿರಿದ ಕಡೆ ನೀರು ಅಡಿಗೆ ನುಗ್ಗಿ ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಒಣ ಮಣ್ಣನ್ನು ತೆಂಗಿನ ನಾರಿನಲ್ಲಿ ಮೆಲ್ಲಗೆ ಉದುರಿಸಿ. ಗಟ್ಟಿಯಾದ ಗ್ರೀಸಿಗೆ ಹಳೇ ಪೇಂಟ್ ಬ್ರಷ್‌ನಲ್ಲಿ ಸ್ವಲ್ಪ ಡೀಸೆಲ್ ಹಚ್ಚಿ, ಹತ್ತು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒರೆಸಿ. ಕೊನೆಗೆ ಅಂಟುವಾಳದ ನೀರು. ಒಂದು ಹಿಡಿ ಅಂಟುವಾಳ ರಾತ್ರಿ ನೆನೆಹಾಕಿ ಬೆಳಿಗ್ಗೆ ಕಿವುಚಿದರೆ ಒಂದು ಬಕೆಟ್ಟಿಗೆ ಸಾಕು. ಬಟ್ಟೆ ಸೋಪಿನ ಪುಡಿ ಹಳೇ ಬಣ್ಣಕ್ಕೆ ಖಾರ ಜಾಸ್ತಿ.

ತೊಳೆಯುವಾಗ ಬಟ್ಟೆ ಕೆಂಪಾಯಿತು ಅಂತ ಹೆದರಬೇಡಿ. ಹಳೇ ಎನಾಮಲ್‌ನಲ್ಲಿ ಬಣ್ಣದ ಪುಡಿಯನ್ನು ಹಿಡಿದಿಡುವ ಅಂಟು ಬಿಸಿಲಿಗೆ ಸತ್ತುಹೋಗಿರುತ್ತದೆ. ಮೇಲಿನ ಪದರ ಬರೀ ಪುಡಿ. ಹಾಗಂತ ಉಜ್ಜುತ್ತಾ ಕೂರಬೇಡಿ. ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್ ಹಾಕಿದರೆ ಹೊಳಪು ಬರುತ್ತದೆ, ನಿಜ. ಎರಡನೇ ಸಲ ಹಾಕಿದರೆ ಕಬ್ಬಿಣ ಕಾಣುತ್ತದೆ. ನಮ್ಮ ಟ್ಯಾಂಕಿನ ಮೇಲೆ ಆಯುಧ ಪೂಜೆಯ ಕುಂಕುಮ ಎಣ್ಣೆಯಲ್ಲಿ ಇಳಿದ ಗೆರೆಗಳಿದ್ದವು. ಅವನ್ನೂ ಬಿಟ್ಟೆ.

ಈಗ ಎಂಜಿನ್. ಬಂದವರೆಲ್ಲ ಮೊದಲು ಮಾಡುವ ಕೆಲಸ ಸ್ಟಾರ್ಟ್ ಮಾಡುವ ಹ್ಯಾಂಡಲ್ ಹಾಕಿ ತಿರುಗಿಸುವುದು. ದಯವಿಟ್ಟು ಬೇಡ. ಮೊದಲು ಆಯಿಲ್ ಕಡ್ಡಿ ತೆಗೆದು ನೋಡಿ. ಕಾಫಿಗೆ ಹಾಲು ಬೆರೆತ ಹಾಗೆ ಕಂಡರೆ ಒಳಗೆ ನೀರು ಸೇರಿದೆ ಅಂತ ಅರ್ಥ. ಏರ್ ಕ್ಲೀನರ್ ಬಿಚ್ಚಿ. ನಮ್ಮದರಲ್ಲಿ ಇಲಿ ಅಡಿಕೆ ಸಿಪ್ಪೆ ತುಂಬಿ ಸಂಸಾರ ಮಾಡಿತ್ತು. ಸೈಲೆನ್ಸರ್ ಬಾಯಲ್ಲಿ ಕಣಜದ ಮಣ್ಣಿನ ಗೂಡು.

ಎಂಜಿನ್ ಜೊತೆ ತಿರುಗುವ ಭಾರದ ಚಕ್ರ, ಫ್ಲೈವೀಲ್, ಕೈಯಲ್ಲಿ ಅಲುಗಲಿಲ್ಲ. ಪಿಸ್ಟನ್ ಕಚ್ಚಿಕೊಂಡಿತ್ತು. ಹೀಗಾದರೆ ಸುತ್ತಿಗೆ ಎತ್ತಬೇಡಿ. ಸಿಲಿಂಡರಿಗೆ ಡೀಸೆಲ್ ಸಿಡಿಸುವ ನಾಜಲ್ ಬಿಚ್ಚಿ, ಆ ತೂತಿನಿಂದ ಡೀಸೆಲ್ಲೂ ಎಂಜಿನ್ ಆಯಿಲೂ ಸಮಸಮ ಬೆರೆಸಿ ಒಂದು ಲೋಟದಷ್ಟು ಬಿಡಿ. ಇಲ್ಲೇ ನಾನು ಎಡವಿದ್ದು. ಒಂದು ವಾರ ಕಾದೆ, ಏನೂ ಆಗಲಿಲ್ಲ. ಸಿಲಿಂಡರ್ ಮಲಗಿರುವುದರಿಂದ ಎಣ್ಣೆಯೆಲ್ಲ ತಳದಲ್ಲಿ ನಿಂತಿತ್ತು, ಮೇಲಿನ ಅರ್ಧ ಒಣಗಿಯೇ ಇತ್ತು. ಹೆಡ್, ಅಂದರೆ ಸಿಲಿಂಡರಿನ ಮುಚ್ಚಳ, ಇರುವ ಕಡೆಯನ್ನು ಜ್ಯಾಕ್ ಕೊಟ್ಟು ಎತ್ತಿ, ಅಡಿಗೆ ಮರದ ದಿಮ್ಮಿ ಇಟ್ಟು, ಮತ್ತೆ ಎಣ್ಣೆ ಬಿಟ್ಟೆ. ಹೀಗೆ ಓರೆ ಮಾಡಿದಾಗ ಪಿಸ್ಟನ್ ಸುತ್ತಲೂ ಎಣ್ಣೆ ನಿಲ್ಲುತ್ತದೆ. ದಿನಕ್ಕೆರಡು ಸಲ ಫ್ಲೈವೀಲನ್ನು ಹಿಂದಕ್ಕೂ ಮುಂದಕ್ಕೂ ತೂಗಿದೆ. ನಾಲ್ಕನೇ ದಿನ ಒಂದು ಬೆರಳಿನಷ್ಟು ಅಲುಗಿತು. ಒಳಗೆ ಓಡಿ ಹೋಗಿ ಹೇಳಿದೆ. ಯಾರಿಗೂ ಅಂಥಾ ಆಶ್ಚರ್ಯ ಆಗಲಿಲ್ಲ.

ಅಲುಗಿದ ಮೇಲೆ ನಾಜಲ್ ಹಾಕುವ ಮುಂಚೆ ಆ ಎಣ್ಣೆಯನ್ನೆಲ್ಲ ಹೊರಗೆ ಹಾಕಲೇಬೇಕು. ತೂತಿನ ಎದುರು ಯಾರೂ ನಿಲ್ಲದೆ, ಬಟ್ಟೆ ಅಡ್ಡ ಇಟ್ಟು ಹತ್ತಿಪ್ಪತ್ತು ಸುತ್ತು ತಿರುಗಿಸಿ. ಎಣ್ಣೆ ಒಳಗೇ ಉಳಿದರೆ ಪಿಸ್ಟನ್ ಅದನ್ನು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ಆಯಿಲ್ ಆಮೇಲೆ ಹೊಸದಾಗಿ ಹಾಕಿ.

ಟ್ಯಾಂಕಿನ ಹಳೇ ಡೀಸೆಲ್ ಬೆಲ್ಲದ ಪಾಕದ ಹಾಗಾಗಿತ್ತು. ಪೂರ್ತಿ ಇಳಿಸಿ, ಹೊಸ ಡೀಸೆಲ್ ಸ್ವಲ್ಪ ಹಾಕಿ ಕುಲುಕಿ ತೊಳೆದೆ. ಟ್ಯಾಂಕಿನಿಂದ ಇಳಿಸುವಾಗ ಹೊರಗಿನ ಬಣ್ಣದ ಮೇಲೆ ಹರಿಯದಂತೆ ಕೆಳಗೆ ಅಡಿಕೆ ಹಾಳೆ ಇಡಿ. ಟ್ರೇಗಿಂತ ಅನುಕೂಲ, ಬೇಕಾದ ಕಡೆ ಬಗ್ಗುತ್ತದೆ. ಫಿಲ್ಟರ್ ಹೊಸದು ಹಾಕಿ. ನಾಜಲ್ಲನ್ನು ಪಂಪ್ ಅಂಗಡಿಯಲ್ಲಿ ಟೆಸ್ಟ್ ಮಾಡಿಸಿ. ಮನೆಯಲ್ಲಿ ನೋಡುವ ಉತ್ಸಾಹ ಬೇಡ. ಅದರ ಸಿಡಿತಕ್ಕೆ ಬೆರಳು ಅಡ್ಡ ಬಂದರೆ ಡೀಸೆಲ್ ಚರ್ಮದೊಳಗೇ ಹೋಗುತ್ತದೆ.

ಬೆಲ್ಟುಗಳನ್ನು ಒಂದೊಂದಾಗಿ ಬದಲಿಸಬೇಡಿ, ಒಟ್ಟಿಗೇ ಹಾಕಿ. ಹೊಸದು ಹಳೆಯದು ಬೆರೆತರೆ ಹೊಸದರ ಮೇಲೇ ಭಾರವೆಲ್ಲ ಬೀಳುತ್ತದೆ. ಅಂಗಡಿಗೆ ಹಳೇ ಬೆಲ್ಟ್ ತೆಗೆದುಕೊಂಡು ಹೋಗಿ. ನಾನು ತೀರ್ಥಹಳ್ಳಿಗೆ ಹೋಗಿ ತಂದೆ. ಗೇರ್ ಬಾಕ್ಸಿಗೆ 90 ನಂಬರ್ ಆಯಿಲ್. ರೇಡಿಯೇಟರಿನ ಕೆಂಪು ನೀರು ತಿಳಿಯಾಗುವವರೆಗೆ ತೊಳೆಯಬೇಕು. ಇಷ್ಟು ಹೇಳಿದರೆ ಸಾಕು, ಇವು ಕಷ್ಟದ ಕೆಲಸಗಳಲ್ಲ.

ಸ್ಟಾರ್ಟ್ ಮಾಡುವ ದಿನ ಚಕ್ರಗಳನ್ನು ನೆಲದಿಂದ ಎತ್ತಿ ಗಟ್ಟಿಯಾಗಿ ನಿಲ್ಲಿಸಿ, ಗೇರ್ ನ್ಯೂಟ್ರಲ್‌ನಲ್ಲಿಡಿ. ವರ್ಷಗಟ್ಟಲೆ ನಿಂತ ಕ್ಲಚ್ ಪ್ಲೇಟು ತುಕ್ಕು ಹಿಡಿದು ಒಂದಕ್ಕೊಂದು ಅಂಟಿರುತ್ತದೆ, ಲಿವರ್ ಹಿಡಿದರೂ ಬಿಡುವುದಿಲ್ಲ. ನಾಜಲ್ ಪೈಪಿನ ನಟ್ಟು ಸಡಿಲ ಮಾಡಿ, ಗುಳ್ಳೆ ಇಲ್ಲದ ಡೀಸೆಲ್ ಬರುವವರೆಗೆ ತಿರುಗಿಸಿ, ಬಿಗಿ ಮಾಡಿ. ಆಮೇಲೆ ತಿರುಗಿಸಿದಾಗ ನಾಜಲ್ "ಕೀರ್ ಕೀರ್" ಅನ್ನಬೇಕು. ಆ ಸದ್ದು ಬಂದರೆ ಅರ್ಧ ಗೆದ್ದ ಹಾಗೆ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳು ಉಳಿದ ಬೆರಳುಗಳ ಕಡೆಯೇ ಇರಲಿ, ಸುತ್ತಿ ಹಿಡಿಯಬೇಡಿ. ಹ್ಯಾಂಡಲ್ ಹಿಂದಕ್ಕೆ ಒದ್ದರೆ ಹೆಬ್ಬೆರಳು ಹೋಗುತ್ತದೆ. ಸಿಲಿಂಡರಿನ ಒತ್ತಡ ಬಿಡುವ ಡಿಕಂಪ್ರೆಷನ್ ಲಿವರ್ ಒತ್ತಿ ಜೋರಾಗಿ ಸುತ್ತಿ, ವೇಗ ಬಂದಾಗ ಬಿಡಿ. ಪಕ್ಕದಲ್ಲಿ ಒಬ್ಬರು ಒಂದು ಹಲಗೆ ಹಿಡಿದು ನಿಂತಿರಲಿ. ಎಂಜಿನ್ ಹತೋಟಿ ತಪ್ಪಿ ಓಡಿದರೆ ಗಾಳಿ ಎಳೆಯುವ ಬಾಯಿಗೆ ಹಲಗೆ ಮುಚ್ಚಬೇಕು, ಕೈ ಅಲ್ಲ.

ನಮ್ಮ ಮನೆಯಲ್ಲಿ ಹಲಗೆ ಹಿಡಿದು ನಿಂತದ್ದು ಇವರು. ಏಳನೇ ಸಲಕ್ಕೆ ಬಿಳೀ ಹೊಗೆ, ಆಮೇಲೆ ಕಪ್ಪು ಹೊಗೆ, ಆಮೇಲೆ ಆ ಹಳೇ "ಡುಗು ಡುಗು". ಜಗಲಿ ಮೇಲಿದ್ದ ಮಾವ ಎದ್ದು ನಿಂತರು. "ಈಗಾದ್ರೂ ಬಣ್ಣ ಹೊಡ್ಸ್ತೀಯಾ?"

ಈಗ ಬಣ್ಣದ ಎರಡನೇ ಭಾಗ, ತುಕ್ಕು. ಬಣ್ಣ ಹೋದ ಕಡೆ ಬರೀ ಕಂದು ಲೇಪದ ಹಾಗಿದ್ದರೆ ಅದು ಮೇಲಿನ ತುಕ್ಕು, ಬದುಕಿಸಬಹುದು. ಹಪ್ಪಳದ ಹಾಗೆ ಏಳುತ್ತಿದ್ದರೆ ಹಿತ್ತಾಳೆ ಬ್ರಷ್‌ನಲ್ಲಿ ಆ ಚಕ್ಕೆಯನ್ನಷ್ಟೇ ತೆಗೆಯಿರಿ. ಉಕ್ಕಿನ ಬ್ರಷ್ ಪಕ್ಕದ ಬಣ್ಣವನ್ನೂ ಕೆರೆಯುತ್ತದೆ.

ತುಕ್ಕು ಮುಂದೆ ಹರಡದಂತೆ ನಾನು ಹಚ್ಚಿದ್ದು ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಹಂಡೆಯಲ್ಲಿ ಉಳಿಯುವ ರಸ. ನಗಬೇಡಿ. ಅಂಗಡಿಯಲ್ಲಿ ಸಿಗುವ ಎಷ್ಟೋ ತುಕ್ಕಿನ ಔಷಧಿಗಳಲ್ಲಿ ಇರುವುದು ಟ್ಯಾನಿಕ್ ಆಸಿಡ್. ಚೊಗರಿನಲ್ಲೂ ಟ್ಯಾನಿನ್ನೇ ತುಂಬಿರುವುದು. ಅದು ಕಬ್ಬಿಣದ ತುಕ್ಕಿನ ಜೊತೆ ಸೇರಿ ಕಪ್ಪು ಪದರವಾಗುತ್ತದೆ. ಹಸಿ ಅಡಿಕೆ ಸುಲಿಯುವಾಗ ಕತ್ತಿಯೂ ಕೈಯೂ ಕಪ್ಪಾಗುವುದಿಲ್ವಾ, ಅದೇ ಇದು. ಅಡಿಕೆ ಬೇಯಿಸುವ ದಿನ ಹಂಡೆಯಿಂದ ಒಂದು ಲೋಟ ಎತ್ತಿಟ್ಟುಕೊಳ್ಳಿ. ಮಂದವಾಗಿದ್ದರೆ ನೀರು ಬೆರೆಸಿ. ಸಣ್ಣ ಬ್ರಷ್‌ನಲ್ಲಿ ತುಕ್ಕಿನ ಮೇಲೆ ಮಾತ್ರ ಹಚ್ಚಿ, ಬಣ್ಣದ ಮೇಲೆ ಬಿದ್ದದ್ದನ್ನು ಕೂಡಲೇ ಒದ್ದೆ ಬಟ್ಟೆಯಲ್ಲಿ ಒರೆಸಿ. ಮರುದಿನ ಒರೆಸಿ ಇನ್ನೊಂದು ಸಲ ಹಚ್ಚಿ. ಕಂದು ಹೋಗಿ ಕಪ್ಪು ನಿಲ್ಲುತ್ತದೆ. ಅಂಗಡಿಯ ಔಷಧಿಯಷ್ಟು ಗಟ್ಟಿ ಅಂತ ನಾನು ವಾದ ಮಾಡುವುದಿಲ್ಲ. ಆದರೆ ಮೇಲೆ ಎಣ್ಣೆ ಕೊಟ್ಟರೆ ಕೊಟ್ಟಿಗೆಯಲ್ಲಿ ನಿಲ್ಲುವ ಟಿಲ್ಲರ್‌ಗೆ ಸಾಕು.

ಎಣ್ಣೆ ಅಂದರೆ ತೆಂಗಿನೆಣ್ಣೆ ಅಲ್ಲ. ಅದು ಎಂದೂ ಒಣಗುವುದಿಲ್ಲ, ಧೂಳೆಲ್ಲ ಅಂಟುತ್ತದೆ. ಬೇಕಾದದ್ದು ಅಗಸೆ ಎಣ್ಣೆ, ಅದರಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ಅಂತ ಕೇಳಿದರೆ ಕೊಡುವಂಥದ್ದು. ಗಾಳಿ ಕುಡಿದು ಗಟ್ಟಿಯಾಗುವ ಎಣ್ಣೆ ಅದು. ಪುಡಿಯಾದ ಬಣ್ಣಕ್ಕೆ ಹೋದ ಅಂಟನ್ನು ವಾಪಸ್ ಕೊಟ್ಟ ಹಾಗೆ. ಅರ್ಧಕ್ಕರ್ಧ ಟರ್ಪೆಂಟೈನ್ ಬೆರೆಸಿ, ಕಾಣದ ಮೂಲೆಯಲ್ಲಿ ಮೊದಲು ಪರೀಕ್ಷೆ ಮಾಡಿ, ಬಟ್ಟೆಯಲ್ಲಿ ತೆಳ್ಳಗೆ ಸವರಿ. ಹದಿನೈದು ನಿಮಿಷಕ್ಕೆ ಒಣಬಟ್ಟೆಯಲ್ಲಿ ಒರೆಸಿಬಿಡಿ. ದಪ್ಪ ಬಿಟ್ಟರೆ ಹಲಸಿನ ಮೇಣದ ಹಾಗೆ ಅಂಟಂಟಾಗಿ ಉಳಿಯುತ್ತದೆ. ಜನವರಿ, ಫೆಬ್ರವರಿಯ ಬಿಸಿಲಲ್ಲಿ ಮಾಡಿ. ಮಳೆಗಾಲದಲ್ಲಿ ಒಣಗುವುದೇ ಇಲ್ಲ. ಗುಲಾಬಿಯಾಗಿದ್ದ ಮಗ್ಗುಲು ಮೊದಲ ಕೈಗೇ ಕೆಂಪಾಗಿ ಎದ್ದಿತು. ಎರಡೂ ಕಡೆ ಒಂದೇ ಆಗಲಿಲ್ಲ, ಆಗುವುದೂ ಬೇಡವಿತ್ತು. ಸೈಲೆನ್ಸರ್ ಮತ್ತು ಹೆಡ್ಡಿಗೆ ಹಚ್ಚಬೇಡಿ, ಹೊತ್ತಿ ಹೊಗೆಯಾಡುತ್ತದೆ.

ಒಂದು ಎಚ್ಚರಿಕೆ. ಈ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ತಾನಾಗಿಯೇ ಬಿಸಿಯಾಗಿ ಬೆಂಕಿ ಹತ್ತಬಹುದು. ಕೊಟ್ಟಿಗೆಯಲ್ಲಿ ಹುಲ್ಲು ಬೇರೆ ಇರುತ್ತದೆ. ಬಟ್ಟೆಯನ್ನು ನೀರಿನ ಬಕೆಟ್ಟಿನಲ್ಲಿ ಅದ್ದಿಡಿ, ಇಲ್ಲವಾದರೆ ಅಂಗಳದಲ್ಲಿ ಬಿಡಿಸಿ ಹರವಿ.

ಮೇಲೆ ಕ್ಲಿಯರ್ ವಾರ್ನಿಷ್ ಹೊಡೆಯಿರಿ ಅನ್ನುವವರು ಸಿಗುತ್ತಾರೆ. ಕೇಳಬೇಡಿ. ನಮ್ಮ ಹಳೇ ಸ್ಕೂಟರಿಗೆ ಒಂದು ಕಡೆ ಹಾಗೆ ಹೊಡೆದುಕೊಟ್ಟರು. ಎರಡು ಮಳೆಗಾಲಕ್ಕೆ ಹಳದಿಯಾಗಿ ಸಿಪ್ಪೆ ಎದ್ದಿತು, ಏಳುವಾಗ ಅಡಿಯ ಬಣ್ಣವನ್ನೂ ಹಿಡಿದುಕೊಂಡೇ ಎದ್ದಿತು. ಎಣ್ಣೆಯಾದರೆ ವರ್ಷಕ್ಕೊಮ್ಮೆ ಸವರಿದರೆ ಆಯಿತು.

ಮಳೆಗಾಲದಲ್ಲಿ ಹಲಗೆ ಮೇಲೆ ನಿಲ್ಲಿಸಿ ಹತ್ತಿ ಬಟ್ಟೆ ಹೊದಿಸಿ. ಟಾರ್ಪಾಲ್ ಬಿಗಿದರೆ ಒಳಗೆ ಬೆವರುತ್ತದೆ. ತಿಂಗಳಿಗೊಮ್ಮೆ ಹತ್ತು ನಿಮಿಷ ಓಡಿಸಿ.

ಉಳಿದದ್ದು ಒಂದೇ ಸಮಸ್ಯೆ. ಮಡ್‌ಗಾರ್ಡಿನ ಒಂದು ತುದಿ ಪೂರ್ತಿ ತಿಂದುಹೋಗಿತ್ತು. ಅಂಗೈಯಗಲದ ಹೊಸ ತಗಡು ಬೆಸುಗೆ ಹಾಕಿಸಿದ್ದೆ. ಅದಕ್ಕೆ ಚೊಗರು ಹಚ್ಚಲೋ, ಮಾಸಿದ ಕೆಂಪು ಬೆರೆಸಿ ಹಚ್ಚಲೋ ಅಂತ ಯೋಚಿಸುತ್ತಾ ಎರಡು ದಿನ ಬಿಟ್ಟೆ. ಮೂರನೇ ದಿನ ಪೇಟೆಗೆ ಹೋಗಿ ಬರುವಷ್ಟರಲ್ಲಿ ಅದು ಫಳಫಳ ಕೆಂಪಾಗಿತ್ತು. ಗೇಟಿಗೆ ಅಂತ ತಂದಿದ್ದ ಎನಾಮಲ್. ಮಾವನ ಪಂಚೆಯ ಅಂಚಿನಲ್ಲೂ ಅದೇ ಕೆಂಪು. ಎರಡು ಹನಿ ಬೆಲ್ಟ್ ಕವರಿನ ಮೇಲೂ ಬಿದ್ದಿವೆ, 91ರ ಪಕ್ಕದಲ್ಲೇ.

ಥಿನ್ನರ್ ಹಾಕಿದರೆ ಹೋಗುತ್ತದೆ. ಆದರೆ ಅಡಿಯದ್ದೂ ಹೋಗುತ್ತದೆ. ಹಾಗೇ ಬಿಟ್ಟಿದ್ದೇನೆ.