ಮಂಚದಡಿಯ ಕಟ್ಟುಗಳು ಕರಗಿದ್ದು ಹೀಗೆ

ನನ್ನ ಕಥಾಸಂಕಲನ 500 ಪ್ರತಿ ಅಚ್ಚು ಹಾಕಿಸಿದ್ದೆ. ಬಿಡುಗಡೆಯ ದಿನ 60 ಹೋದವು, ಅರ್ಧ ನೆಂಟರಿಗೆ ಪುಕ್ಕಟೆ. ಉಳಿದವು ಮಂಚದಡಿ. ಅಂಗಡಿಯವರೊಬ್ಬರು ಶೇ. 40 ಕಮಿಷನ್ ಕೇಳಿದರು. ಆರು ತಿಂಗಳಾದರೂ ದುಡ್ಡು ಬರಲಿಲ್ಲ.

ವಾಟ್ಸಾಪ್ ಸ್ಟೇಟಸ್‌ನಲ್ಲಿ ದಿನಾ ಮುಖಪುಟ ಹಾಕಿ 'ಕೊಂಡು ಓದಿ' ಅನ್ನುತ್ತಿದ್ದೆ. ಸುಮ್ನೆ ಮುಖಪುಟ ನೋಡಿ ಯಾರು ಕೊಳ್ತಾರೆ, ಅಲ್ವಾ? ಅದನ್ನು ಬಿಟ್ಟು ಒಳಗಿನ ಒಂದು ಪುಟದ ಫೋಟೊ ಹಾಕಿದೆ. ಅಜ್ಜಿ ಹಲಸಿನ ಹಪ್ಪಳ ಒಣಗಿಸುವಾಗ ಮಳೆ ಹನಿಯುವ ಜಾಗ. ಸರಿಯಾಗಿ ಅಲ್ಲಿಗೇ ಕತ್ತರಿಸಿದೆ. ಕೆಳಗೆ ಅಂಚೆ ವೆಚ್ಚ ಸೇರಿದ ಬೆಲೆ, ಯುಪಿಐ ಕ್ಯೂಆರ್ ಕೋಡ್.

'ಆಮೇಲೇನಾಯ್ತು?' ಅಂತ ಮೆಸೇಜುಗಳು ಶುರು. ಆ ವಾರವೇ 23 ಪ್ರತಿ ಹೋದವು. ವಿಳಾಸ ಕೇಳುವಾಗಲೇ ಪಿನ್‌ಕೋಡ್, ಫೋನ್ ನಂಬರ್ ಕೇಳಿ. ಎರಡು ಪ್ಯಾಕೆಟ್ ವಾಪಸ್ ಬಂದ ಮೇಲೆ ನನಗೆ ಬುದ್ಧಿ ಬಂತು. ಈಗ ಎರಡೇ ಕಟ್ಟು ಉಳಿದಿವೆ.