ಕನ್ನಡಕ್ಕೆ ಬ್ರಶ್ ಫಾಂಟ್: ನನ್ನ ಅನುಭವ

ಒತ್ತಕ್ಷರ ಬಂದ ಕೂಡಲೇ ಬ್ರಶ್ ಅಕ್ಷರ ಒಡೆಯುತ್ತದೆ, ಕುಂಚದಲ್ಲಿ ಬರೆದಂತೆ ಕಾಣುವ ಫಾಂಟ್ ಕನ್ನಡಕ್ಕೆ ಆಗೋದಿಲ್ಲ ಅಂತ ಬಾಗಲಕೋಟೆಯ ಬೋರ್ಡ್ ಬರೆಯುವ ಮಂದಿ ಹೇಳುತ್ತಿದ್ದರು. ಈಗ ನಾನು ಮಾಡಿದ ಫಾಂಟ್‌ನಲ್ಲಿ ‘ಶ್ರೀ ಲಕ್ಷ್ಮೀ’ ಅಂತ ಟೈಪ್ ಮಾಡಿ ಹಾಗೇ ಬೋರ್ಡಿಗೆ ಏರಿಸಬಹುದು.

ಮೊದಲ ಸಲ ಕೆಟ್ಟದ್ದು ತುಂಡು ಜೋಡಣೆಯಿಂದ. ಅಕ್ಷರದ ಮೈ, ತಲೆಕಟ್ಟು, ಗುಡಿಸು ಬೇರೆ ಬೇರೆ ಬರೆದು, ಫಾಂಟ್ ತಯಾರಿಸುವ ಸಾಫ್ಟ್‌ವೇರ್ ಫಾಂಟ್‌ಫೋರ್ಜ್‌ನಲ್ಲಿ ಕೂಡಿಸಿದ್ದೆ. ಕೂಡಿದ ಕಡೆಯೆಲ್ಲ ಗಂಟು. ಕೈಬರಹದಲ್ಲಿ ‘ಕಿ’ಯ ಗುಡಿಸು ಮೈಯಿಂದಲೇ ಏಳುತ್ತದೆ, ಕುಂಚ ಎತ್ತಿ ಇಟ್ಟರೆ ಆ ಓಟ ಸಾಯುತ್ತದೆ. ಎರಡು ತಿಂಗಳ ಕೆಲಸ ಹೋಯಿತು. ಎರಡನೇ ಸಲ 34 ವ್ಯಂಜನಗಳನ್ನೂ ತಲೆಕಟ್ಟು, ಇಳಿ, ಗುಡಿಸು, ಎತ್ವ, ಔತ್ವ, ಅರ್ಧಾಕ್ಷರ ಅಂತ ಆರು ರೂಪದಲ್ಲಿ ಇಡಿಯಾಗಿ ಬರೆದೆ. ಒಟ್ಟು 204. ಕೊಂಬು ಬೇರೆ ಇಟ್ಟರೆ ನಡೆಯುತ್ತದೆ. ಪು, ಫು, ವು ಮಾತ್ರ ಇಡಿಯಾಗಿಯೇ ಬೇಕು. ಕ್ಷ್ಮ, ಸ್ತ್ರ, ಷ್ಟ್ರ ಇಂಥವುಗಳ ಜೋಡಿ ಒತ್ತುಗಳನ್ನೂ ಒಂದೇ ತುಂಡಾಗಿ ಬರೆದೆ. ಇಲ್ಲದಿದ್ದರೆ ಒಂದರ ಮೇಲೊಂದು ಕೂರುತ್ತವೆ.

ಬರೆದದ್ದು ಹೀಗೆ: ಐವರಿ ಕಾರ್ಡು (ದಪ್ಪ ನುಣುಪು ಹಾಳೆ), ಅರ್ಧ ಇಂಚಿನ ಚಪ್ಪಟೆ ಕುಂಚ, ಎರಡೂವರೆ ಇಂಚು ಎತ್ತರದ ಅಕ್ಷರ, 600 ಡಿಪಿಐ ಸ್ಕ್ಯಾನ್. ಕುಂಚವನ್ನು ಬಟ್ಟೆಗೆ ಒಮ್ಮೆ ಒತ್ತಿ ಬರೆದರೆ ಕೊನೆಯಲ್ಲಿ ಕುಂಚದ ಕೂದಲಿನ ಗೆರೆ ಬರುತ್ತದೆ. ಮಸಿಗೆ ಒಂದು ಪದಾರ್ಥ ಬೆರೆಸುತ್ತೇನೆ, ಅದು ನನ್ನಲ್ಲೇ ಇರಲಿ.

ಬಹಳ ಕಾಡಿದ್ದು ಮಹಾಪ್ರಾಣದ ಹೊಟ್ಟೆ ಸೀಳು. ಮಸಿ ತುಂಬಿಕೊಂಡು ‘ಮುಧೋಳ’ ಹೋಗಿ ‘ಮುದೋಳ’ ಆಯಿತು. ಫ್ಲೆಕ್ಸ್ ಮೇಲೆ ತೆಗೆದ ಮೇಲೇ ಕಂಡದ್ದು. ಚದರಡಿಗೆ ಹತ್ತು-ಹನ್ನೆರಡು ರೂಪಾಯಿಯಂತೆ ಇಂಥ ಪರೀಕ್ಷೆಗೇ ಮೂರು ಸಾವಿರದ ಹತ್ತಿರ ಹೋಗಿರಬೇಕು. ಫಾಂಟ್‌ನಲ್ಲಿ ಅಕ್ಷರ ಕೂರುವ 1000 ಯೂನಿಟ್ ಚೌಕಟ್ಟಿನಲ್ಲಿ ಸೀಳನ್ನು 15ರಿಂದ 40ಕ್ಕೆ ಅಗಲಿಸಿದ ಮೇಲೆ ರಸ್ತೆಯ ಆಚೆಯಿಂದಲೂ ಧ ಧ ಆಗಿಯೇ ಕಾಣುತ್ತದೆ.

‘ಕನಕ’ದಲ್ಲಿ ಎರಡೂ ಕ ಒಂದೇ ಥರ ಕಂಡರೆ ಕಂಪ್ಯೂಟರಿನದು ಅಂತ ತಿಳಿದುಬಿಡುತ್ತದೆ. ಹೆಚ್ಚು ಬರುವ ಹದಿನೈದಿಪ್ಪತ್ತು ಅಕ್ಷರಗಳಿಗೆ ಎರಡನೇ ರೂಪ ಬರೆದು, ಕಾಂಟೆಕ್ಸ್ಚುವಲ್ ಆಲ್ಟರ್ನೇಟ್‌ನಿಂದ (ಅಕ್ಕಪಕ್ಕದ ಅಕ್ಷರ ನೋಡಿ ರೂಪ ಬದಲಿಸುವ ಫಾಂಟ್ ಸೌಲಭ್ಯ) ತಾನಾಗಿ ಬದಲಾಗುವಂತೆ ಮಾಡಿದೆ. ನನಗೆ ಹೆಮ್ಮೆ ಇರುವುದು ಇದರ ಮೇಲೇ.

ನಡುವೆ ಜೋಳದ ದಂಟಿನ ತುದಿ ಜಜ್ಜಿಯೂ ಬರೆದು ನೋಡಿದೆ. ಗೆರೆ ಬಹಳ ಚಂದ, ಆದರೆ ಹತ್ತು ಅಕ್ಷರಕ್ಕೆ ಮೆತ್ತಗಾಗುತ್ತದೆ. ೦ರಿಂದ ೯ರವರೆಗಿನ ಅಂಕಿಗಳು ಮಾತ್ರ ಅದರವು.

ಸ್ಕ್ಯಾನ್ ಚಿತ್ರವನ್ನು ಗೆರೆಗಳಾಗಿ ಟ್ರೇಸ್ ಮಾಡಿದ ಮೇಲೆ ಒಂದೊಂದು ಅಕ್ಷರದ ಅಂಚಿಗೂ ನಾನೂರು ಬಿಂದು ಇದ್ದವು, ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್ ಡ್ರಾ ತಡವರಿಸುತ್ತಿತ್ತು. ಎಂಬತ್ತಕ್ಕೆ ಇಳಿಸಿದೆ. ವಿನೈಲ್ (ಸ್ಟಿಕರ್ ಹಾಳೆ) ಕಟಿಂಗ್‌ಗೆ ಕೂದಲಿನ ಗೆರೆ ಇಲ್ಲದ ನುಣುಪು ರೂಪ ಬೇರೆ ಮಾಡಿದ್ದೇನೆ. ಗೆರೆ ಇದ್ದರೆ ಸಣ್ಣ ಚೂರುಗಳು ಕಿತ್ತು ಬರುತ್ತವೆ.

ಅಮೀನಗಡದ ಕರದಂಟಿನ ಡಬ್ಬಿ, ಇಳಕಲ್ ಸೀರೆ ಅಂಗಡಿಯ ಹೆಸರು, ಕುಸ್ತಿಯ ಬ್ಯಾನರ್, ಟ್ರ್ಯಾಲಿಯ ಹಿಂಬದಿ ಈ ಫಾಂಟ್‌ಗೆ ಒಪ್ಪುತ್ತವೆ. ಮೂರು-ನಾಲ್ಕು ಶಬ್ದ ದಾಟಿಸಬೇಡಿ. ವಿಳಾಸ, ಫೋನ್ ನಂಬರಿಗೆ ಸಾದಾ ಫಾಂಟ್ ಹಾಕಿ. ಎರಡು ಸಾಲಾದರೆ ಸಾಲಿನ ಅಂತರ ಅಕ್ಷರದ ಒಂದೂವರೆ ಪಟ್ಟಾದರೂ ಇರಲಿ, ಇಲ್ಲದಿದ್ದರೆ ಮೇಲಿನ ಒತ್ತು ಕೆಳಗಿನ ಗುಡಿಸಿಗೆ ತಾಗುತ್ತದೆ. ಪ್ರಿಂಟಿಂಗ್ ಅಂಗಡಿಗೆ ಕಳಿಸುವ ಮೊದಲು ಕರ್ವ್ (ಅಕ್ಷರವನ್ನು ಚಿತ್ರದ ಆಕಾರಕ್ಕೆ ಬದಲಿಸುವುದು) ಮಾಡಿಯೇ ಕಳಿಸಿ. ಹಳೆಯ ಕೋರೆಲ್‌ನಲ್ಲಿ ಯೂನಿಕೋಡ್ ಒತ್ತುಗಳು ಬಿಚ್ಚಿಹೋಗುತ್ತವೆ.