ಸೆಂಟ್ರಲ್ ಲಾಕ್ ಕೈಕೊಟ್ಟಾಗ ದೋಷ ಹುಡುಕುವುದು ಹೇಗೆ?

ಕಾರಿನ ರಿಮೋಟ್ ಒತ್ತುತ್ತೀರಿ. ಮೂರು ಬಾಗಿಲು ‘ಟಕ್’ ಅನ್ನುತ್ತವೆ, ನಾಲ್ಕನೆಯದು ಸುಮ್ನೆ ಇರುತ್ತದೆ. ಇಲ್ಲವೇ ಎಲ್ಲವೂ ಲಾಕ್ ಆಗಿ ಮರುಕ್ಷಣವೇ ತಾವಾಗಿ ಬಿಚ್ಚಿಕೊಳ್ಳುತ್ತವೆ. ಕೆಲವೊಮ್ಮೆ ಏನೂ ಆಗುವುದೇ ಇಲ್ಲ. ಇಂಥ ಹೊತ್ತಲ್ಲಿ ‘ಮೋಟಾರ್ ಹೋಗಿರಬೇಕು’ ಎಂದು ನೇರವಾಗಿ ಡೋರ್ ಪ್ಯಾಡ್ (ಬಾಗಿಲಿನ ಒಳಬದಿಯ ಹೊದಿಕೆ) ಬಿಚ್ಚಿಸುವವರೇ ಜಾಸ್ತಿ. ದಯವಿಟ್ಟು ಅವಸರ ಮಾಡಬೇಡಿ. ಯಾವ ಬಾಗಿಲು, ಯಾವ ಬಟನ್, ಯಾವ ಹೊತ್ತು ಎಂಬ ಮೂರನ್ನು ಗಮನಿಸಿದರೆ ದೋಷ ಎಲ್ಲಿದೆ ಎಂಬುದು ಸುಮಾರಾಗಿ ಗೊತ್ತಾಗಿಬಿಡುತ್ತದೆ. ಬಿಚ್ಚುವ ಕೆಲಸ ಕೊನೆಗಿರಲಿ.

ಮೊದಲು ಸೆಂಟ್ರಲ್ ಲಾಕ್, ಅಂದರೆ ಒಂದೇ ಬಟನ್ನಿಗೆ ಎಲ್ಲ ಬಾಗಿಲೂ ಲಾಕ್ ಆಗುವ ವ್ಯವಸ್ಥೆ, ಕೆಲಸ ಮಾಡುವ ಬಗೆ. ರಿಮೋಟ್ ಒಂದು ರೇಡಿಯೋ ಸಂಕೇತ ಕಳಿಸುತ್ತದೆ. ಕಾರಿನೊಳಗಿನ ಕಂಟ್ರೋಲ್ ಯೂನಿಟ್ ಅದು ತನ್ನದೇ ರಿಮೋಟ್ ಹೌದಾ ಎಂದು ನೋಡಿ, ಬಾಗಿಲುಗಳಲ್ಲಿರುವ ಪುಟ್ಟ ಮೋಟಾರುಗಳಿಗೆ ಕ್ಷಣಕಾಲ ಕರೆಂಟು ಕೊಡುತ್ತದೆ. ಲಾಕ್ ಮಾಡಲು ಒಂದು ದಿಕ್ಕು. ಬಿಚ್ಚಲು ಪ್ಲಸ್, ಮೈನಸ್ ಅದಲುಬದಲಾಗುತ್ತದೆ, ಮೋಟಾರು ಹಿಂದಕ್ಕೆ ತಿರುಗುತ್ತದೆ. ಇದರ ಜೊತೆಗೆ ಬಾಗಿಲು ಮುಚ್ಚಿದೆಯಾ, ಲಾಕ್ ಬಿದ್ದಿದೆಯಾ ಎಂದು ತಿಳಿಸುವ ಸಣ್ಣ ಸ್ವಿಚ್ಚುಗಳು ಹೆಚ್ಚಾಗಿ ಬೀಗದೊಳಗೇ ಇರುತ್ತವೆ. ಕೆಡುವುದು ಇವುಗಳಲ್ಲಿ ಯಾವುದಾದರೂ ಒಂದು, ಅಥವಾ ಇವನ್ನು ಜೋಡಿಸುವ ವೈರು.

ಕೂತು ನೋಡಿ, ಕೇಳಿ

ಒಂದು ಕಿಟಕಿಯ ಗಾಜು ಇಳಿಸಿ, ಕೀಯನ್ನು ಜೇಬಿನಲ್ಲಿಟ್ಟುಕೊಳ್ಳಿ. ಲಾಕ್ ಜೊತೆ ಕೆಲಸ ಮಾಡುವಾಗ ಕೀಯನ್ನು ಕಾರಿನೊಳಗೆ ಬಿಡಲೇಬಾರದು. ಮಕ್ಕಳನ್ನಂತೂ ಒಳಗೆ ಕೂರಿಸಲೇಬೇಡಿ. ಈಗ ಎಲ್ಲ ಬಾಗಿಲು ಮುಚ್ಚಿ, ರಿಮೋಟ್‌ನಿಂದ ನಾಲ್ಕೈದು ಸಲ, ಕಾರಿನೊಳಗಿನ ಲಾಕ್ ಸ್ವಿಚ್ಚಿನಿಂದ ನಾಲ್ಕೈದು ಸಲ, ಡ್ರೈವರ್ ಬಾಗಿಲಿಗೆ ಕೀ ಹಾಕಿ ತಿರುಗಿಸಿ ಒಂದೆರಡು ಸಲ ಲಾಕ್ ಮಾಡಿ, ಬಿಚ್ಚಿ. ಇನ್ನೊಬ್ಬರು ಒತ್ತುತ್ತಿರಲಿ, ನೀವು ಒಂದೊಂದು ಬಾಗಿಲಿನ ಬೀಗದ ಹತ್ತಿರ ಅಂಗೈ ಇಟ್ಟು ನೋಡಿ. ಚೆನ್ನಾಗಿರುವ ಮೋಟಾರು ಒಂದೇ ಏಟಿಗೆ ‘ಟಕ್’ ಎಂದು ಕೈಗೆ ತಾಗುತ್ತದೆ. ‘ಗುರ್ರ್’ ಎಂದು ಸದ್ದು ಬಂದು ಲಾಕ್ ಕದಲದಿದ್ದರೆ ಮೋಟಾರು ಜೀವಂತವಾಗಿದೆ, ಒಳಗಿನ ಪ್ಲಾಸ್ಟಿಕ್ ಹಲ್ಲು ಸವೆದಿದೆ ಅಥವಾ ಮೋಟಾರನ್ನು ಬೀಗಕ್ಕೆ ಜೋಡಿಸುವ ಕಡ್ಡಿ ಕಳಚಿದೆ. ಏನೂ ಇಲ್ಲ ಅಂದರೆ ಕರೆಂಟೇ ಬರುತ್ತಿಲ್ಲ, ಇಲ್ಲವೇ ಮೋಟಾರು ಸತ್ತಿದೆ.

ಒಳಗಿನ ಸ್ವಿಚ್ಚಿಗೆ ಎಲ್ಲ ಬಾಗಿಲೂ ಓಗೊಟ್ಟು ರಿಮೋಟಿಗೆ ಮಾತ್ರ ಓಗೊಡದಿದ್ದರೆ ಬಾಗಿಲುಗಳ ತಂಟೆಗೇ ಹೋಗಬೇಡಿ, ದೋಷ ರಿಮೋಟ್ ಕಡೆಗಿದೆ. ಎರಡಕ್ಕೂ ಯಾವ ಬಾಗಿಲೂ ಅಲುಗದಿದ್ದರೆ ಫ್ಯೂಸು, ಬ್ಯಾಟರಿ ನೋಡಬೇಕು. ಒಂದೇ ಬಾಗಿಲು ಮುನಿಸಿಕೊಂಡಿದ್ದರೆ ಆ ಬಾಗಿಲಿನ ವೈರು ಅಥವಾ ಮೋಟಾರು. ಲಾಕ್ ಆದದ್ದು ತಕ್ಷಣ ಬಿಚ್ಚಿಕೊಂಡರೆ ಯಾವುದೋ ಬಾಗಿಲು ಇನ್ನೂ ತೆರೆದಿದೆ ಎಂದು ಕಾರು ತಿಳಿದಿರಬಹುದು. ರಾತ್ರಿ ಒಳಗಿನ ದೀಪ ಆರದೆ ಉಳಿಯುತ್ತಿದ್ದರೆ ಈ ಅನುಮಾನ ಗಟ್ಟಿಯಾಗುತ್ತದೆ. ಡಿಕ್ಕಿಯನ್ನೂ ಒಮ್ಮೆ ಗಟ್ಟಿಯಾಗಿ ಮುಚ್ಚಿ ನೋಡಿ.

ದೋಷವೇ ಅಲ್ಲದ ಎರಡು ಸಂಗತಿಗಳೂ ಇವೆ. ರಿಮೋಟ್‌ನಿಂದ ಬಿಚ್ಚಿ ಯಾವ ಬಾಗಿಲನ್ನೂ ತೆರೆಯದೆ ಬಿಟ್ಟರೆ ಹಲವು ಕಾರುಗಳು ಅರ್ಧ ನಿಮಿಷದಲ್ಲಿ ತಾವೇ ಮತ್ತೆ ಲಾಕ್ ಮಾಡಿಕೊಳ್ಳುತ್ತವೆ. ಹಿಂದಿನ ಬಾಗಿಲು ಹೊರಗಿನಿಂದ ತೆರೆದು ಒಳಗಿನಿಂದ ತೆರೆಯದಿದ್ದರೆ ಚೈಲ್ಡ್ ಲಾಕ್ ಬಿದ್ದಿದೆ ಅಷ್ಟೇ. ಬಾಗಿಲಿನ ಅಂಚಿನಲ್ಲಿರುವ ಪುಟ್ಟ ಗುಂಡಿಯನ್ನು ಸರಿಸಿದರೆ ಸಾಕು.

ರಿಮೋಟ್ ಮತ್ತು ಅದರ ಸೆಲ್

ಇನ್ನೊಂದು ಕೀ ಇದೆಯಲ್ವಾ? ಅದನ್ನು ಒತ್ತಿ ನೋಡುವುದೇ ಎಲ್ಲಕ್ಕಿಂತ ಒಳ್ಳೆಯ ಪರೀಕ್ಷೆ. ಅದು ಕೆಲಸ ಮಾಡಿದರೆ ಮೊದಲ ರಿಮೋಟಿನ ಸೆಲ್ ಬದಲಿಸಿ. ದೂರದಿಂದ ಆಗುತ್ತಿದ್ದದ್ದು ಈಗ ಬಾಗಿಲ ಪಕ್ಕಕ್ಕೇ ಹೋಗಿ ಒತ್ತಿದರೆ ಮಾತ್ರ ಆಗುತ್ತಿದೆ ಎಂದರೆ ಸೆಲ್ ಸೋತಿರುವ ಸಾಧ್ಯತೆಯೇ ಜಾಸ್ತಿ. ಬಹಳಷ್ಟು ರಿಮೋಟುಗಳಲ್ಲಿ ಇರುವುದು ಸಿಆರ್2032 ಎಂಬ 3 ವೋಲ್ಟಿನ ಬಟನ್ ಸೆಲ್. ಹೊಸದು ವೋಲ್ಟು ಅಳೆಯುವ ಮಲ್ಟಿಮೀಟರಿನಲ್ಲಿ 3 ವೋಲ್ಟಿಗಿಂತ ತುಸು ಮೇಲೆ ತೋರಿಸುತ್ತದೆ. 2.8ಕ್ಕಿಂತ ಕೆಳಗಿದ್ದರೆ ತೆಗೆದು ಬಿಡಿ. ಹಳೇ ಸೆಲ್ಲಿನ ಮೇಲಿರುವ ಸಂಖ್ಯೆಯನ್ನೇ ನೋಡಿ ತನ್ನಿ. ಪ್ಲಸ್ ಯಾವ ಕಡೆಗಿತ್ತು ಎಂದು ತೆಗೆಯುವ ಮೊದಲೇ ಒಂದು ಫೋಟೊ ತೆಗೆದುಕೊಳ್ಳಿ. ತಗಡಿನ ಪಟ್ಟಿಗಳು ಬಾಗಿ ಸೆಲ್ಲಿಗೆ ತಾಗದೆ ಇರುವುದೂ ಉಂಟು, ಅವನ್ನು ಮೆಲ್ಲಗೆ ಎತ್ತಿ.

ಹಳೇ ಸೆಲ್ಲನ್ನು ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ಮಗು ಅದನ್ನು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಸೋತ ಸೆಲ್ಲಿನಲ್ಲೂ ಅಷ್ಟು ಶಕ್ತಿ ಉಳಿದಿರುತ್ತದೆ. ತೆಗೆದ ಕೂಡಲೇ ಎರಡೂ ಬದಿಗೆ ಟೇಪ್ ಸುತ್ತಿ ಎತ್ತಿಡಿ.

ಸೆಲ್ ಹೊಸದಿದ್ದೂ ಕಾರು ಮಾತು ಕೇಳದಿದ್ದರೆ ರಿಮೋಟ್ ಮತ್ತು ಕಾರಿನ ನಡುವಿನ ಹೊಂದಾಣಿಕೆ ತಪ್ಪಿರಬಹುದು. ರಿಮೋಟ್ ಪ್ರತಿ ಸಲವೂ ಹೊಸ ಕೋಡ್ ಕಳಿಸುತ್ತದೆ. ಕಾರಿನಿಂದ ದೂರದಲ್ಲಿ, ಜೇಬಿನಲ್ಲೋ ಮಕ್ಕಳ ಕೈಯಲ್ಲೋ ತುಂಬಾ ಸಲ ಒತ್ತಿಹೋದರೆ ಎರಡರ ಲೆಕ್ಕ ಬೇರೆ ಬೇರೆಯಾಗುತ್ತದೆ. ಅದನ್ನು ಮತ್ತೆ ಹೊಂದಿಸುವ ಕ್ರಮ ಒಂದೊಂದು ಕಾರಿಗೆ ಒಂದೊಂದು ಥರ. ಕಾರಿನ ಜೊತೆ ಬಂದ ಪುಸ್ತಕ ನೋಡಿ. ಎರಡೂ ಕೀಗಳು ಒಂದು ನಿರ್ದಿಷ್ಟ ಜಾಗದಲ್ಲಿ ಮಾತ್ರ ಸೋಲುತ್ತಿದ್ದರೆ ಅಲ್ಲಿ ಬೇರೆ ಯಾವುದೋ ರೇಡಿಯೋ ಅಡ್ಡಿಯಿದೆ. ಕಾರನ್ನು ಬೇರೆಡೆ ನಿಲ್ಲಿಸಿ ನೋಡಿದರೆ ಗೊತ್ತಾಗುತ್ತದೆ.

ಬ್ಯಾಟರಿ, ಫ್ಯೂಸು

ನಾಲ್ಕೂ ಬಾಗಿಲು ಸತ್ತಂತಿದ್ದರೆ ಕಾರಿನ ಬ್ಯಾಟರಿ ಅಳೆಯಿರಿ. ಎಂಜಿನ್ ಆರಿಸಿ ಕೆಲವು ಗಂಟೆ ಕಳೆದ ಮೇಲೆ ತುಂಬಿದ ಬ್ಯಾಟರಿ 12.6 ವೋಲ್ಟಿನ ಸುತ್ತಮುತ್ತ ತೋರಿಸುತ್ತದೆ. 12ಕ್ಕೆ ಇಳಿದಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಲಾಕ್ ವಿಚಾರ. ಫ್ಯೂಸ್ ಬಾಕ್ಸಿನ ಮುಚ್ಚಳದ ಮೇಲೋ ಪುಸ್ತಕದಲ್ಲೋ ಯಾವ ಫ್ಯೂಸು ಯಾವುದಕ್ಕೆ ಎಂಬ ಪಟ್ಟಿ ಇರುತ್ತದೆ. ಸುಟ್ಟ ಫ್ಯೂಸಿಗೆ ಅಷ್ಟೇ ಆಂಪಿಯರಿನ ಫ್ಯೂಸು ಹಾಕಿ. ಅದೂ ಸುಟ್ಟರೆ ಎಲ್ಲೋ ವೈರು ಕಾರಿನ ಲೋಹದ ಮೈಗೆ ತಾಗುತ್ತಿರಬಹುದು. ದೊಡ್ಡ ಫ್ಯೂಸು, ತಂತಿ, ಸಿಗರೇಟು ಪ್ಯಾಕಿನ ಹಾಳೆ ಇವನ್ನೆಲ್ಲ ಹಾಕಿದರೆ ಮುಂದೆ ಸುಡುವುದು ವೈರಿಂಗ್. ಇದರಲ್ಲಿ ರಾಜಿ ಬೇಡ.

ರಬ್ಬರ್ ಕೊಳವೆ: ಹೆಚ್ಚಿನವರು ನೋಡದ ಜಾಗ

ನನ್ನ ಕಾರಿನ ಹಿಂದಿನ ಎಡ ಬಾಗಿಲು ತಿಂಗಳುಗಟ್ಟಲೆ ಕಾಡಿತು. ಬಾಗಿಲು ತೆರೆದಿದ್ದಾಗ ಲಾಕ್ ಸರಿಯಾಗಿ ಬೀಳುತ್ತಿತ್ತು, ಮುಚ್ಚಿದರೆ ಇಲ್ಲ. ಮೋಟಾರು ಬದಲಿಸಿದರೂ ಅದೇ ಕಥೆ. ಕೊನೆಗೆ ಒಂದು ದಿನ ಬಾಗಿಲಿಗೂ ಅದು ತಗುಲಿರುವ ಕಾರಿನ ಕಂಬಕ್ಕೂ ನಡುವೆ ಇರುವ ಸುಕ್ಕುಸುಕ್ಕಾದ ಕಪ್ಪು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿತ್ತು ಹಿಂದಕ್ಕೆ ಸರಿಸಿದೆ. ಒಳಗೆ ಏಳೆಂಟು ವೈರು. ಹೊರಗೆ ಎಲ್ಲವೂ ಚೆನ್ನಾಗೇ ಕಾಣುತ್ತಿದ್ದವು. ಒಂದೊಂದನ್ನೇ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದೆ. ನೀಲಿ ವೈರು ಮಾತ್ರ ರಬ್ಬರ್ ಬ್ಯಾಂಡಿನಂತೆ ಹಿಗ್ಗಿತು. ಮೇಲಿನ ಪ್ಲಾಸ್ಟಿಕ್ ಇನ್ನೂ ಇತ್ತು, ಒಳಗಿನ ತಾಮ್ರ ತುಂಡಾಗಿ ತುದಿ ಹಸಿರುಗಟ್ಟಿತ್ತು. ಬಾಗಿಲು ತೆರೆದಾಗ ಎರಡು ತುದಿ ಒಂದಕ್ಕೊಂದು ತಾಗುತ್ತಿದ್ದವು, ಮುಚ್ಚಿದಾಗ ದೂರ ಸರಿಯುತ್ತಿದ್ದವು.

ಬಾಗಿಲು ತೆರೆದು ಮುಚ್ಚುವ ಪ್ರತಿ ಸಲವೂ ಈ ವೈರುಗಳು ಅದೇ ಜಾಗದಲ್ಲಿ ಮಡಚಿಕೊಳ್ಳುತ್ತವೆ. ವರ್ಷಗಟ್ಟಲೆ ಹೀಗಾದರೆ ತಾಮ್ರ ತಡೆಯುತ್ತದಾ? ಅದಕ್ಕೇ ಒಂದು ಬಾಗಿಲು ಒಮ್ಮೆ ಆಗಿ ಒಮ್ಮೆ ಆಗದಿದ್ದರೆ, ಅಥವಾ ಲಾಕ್ ಜೊತೆ ಪವರ್ ವಿಂಡೋ, ಸ್ಪೀಕರ್ ಕೂಡ ಕೈಕೊಡುತ್ತಿದ್ದರೆ, ಮೊದಲು ಇಲ್ಲೇ ನೋಡಿ. ಪರೀಕ್ಷೆ ಸುಲಭ. ಒಬ್ಬರು ಲಾಕ್ ಬಟನ್ ಒತ್ತುತ್ತಿರಲಿ, ನೀವು ಕೊಳವೆಯನ್ನು ಆಚೀಚೆ ಅಲುಗಾಡಿಸಿ. ಸತ್ತ ಬಾಗಿಲು ಒಮ್ಮೆಯಾದರೂ ‘ಟಕ್’ ಅಂದರೆ ಕಳ್ಳ ಸಿಕ್ಕ ಹಾಗೆ.

ಸರಿಪಡಿಸುವಾಗ ಮುರಿದ ತುದಿಗಳನ್ನು ಸುಮ್ನೆ ತಿರುಚಿ ಟೇಪ್ ಸುತ್ತಬೇಡಿ. ಕೆಲವೇ ದಿನದಲ್ಲಿ ಮತ್ತೆ ಬಿಡುತ್ತದೆ. ಬ್ಯಾಟರಿ ಮೈನಸ್ ಕಳಚಿ, ಹಸಿರುಗಟ್ಟಿದ ಭಾಗ ಕತ್ತರಿಸಿ, ಅದೇ ದಪ್ಪದ ಮೆತ್ತನೆಯ ವೈರಿನ ತುಂಡೊಂದನ್ನು ಸೇರಿಸಿ. ಜೋಡಣೆ ಮಡಚುವ ಜಾಗದಲ್ಲಿ ಬರಬಾರದು, ಬಾಗಿಲಿನ ಒಳಗೆ ಅಥವಾ ಕಂಬದ ಒಳಗೆ ಬರಲಿ. ಬೆಸುಗೆ ಹಾಕಿದ ಜಾಗ ಗಡುಸಾಗುತ್ತದೆ, ಮಡಚಿದರೆ ಅದರ ಪಕ್ಕದಲ್ಲೇ ಮುರಿಯುತ್ತದೆ. ಮೇಲೆ ಶ್ರಿಂಕ್ ಸ್ಲೀವ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಪ್ಲಾಸ್ಟಿಕ್ ಕೊಳವೆ) ಹಾಕಿ. ರಬ್ಬರ್ ತುದಿ ತನ್ನ ತೂತಿನಲ್ಲಿ ಸುತ್ತಲೂ ಕೂತಿದೆಯಾ ನೋಡಿ, ಇಲ್ಲದಿದ್ದರೆ ಮಳೆನೀರು ಅಲ್ಲಿಂದಲೇ ಒಳಗೆ ಹೋಗುತ್ತದೆ.

ಈಗ ಡೋರ್ ಪ್ಯಾಡ್

ವೈರು ಚೆನ್ನಾಗಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಸೈಡ್ ಏರ್‌ಬ್ಯಾಗ್ ಇರುವ ಕೆಲವು ಕಾರುಗಳಲ್ಲಿ ಅದರ ಸೆನ್ಸರ್ ಬಾಗಿಲಿನೊಳಗೇ ಇರುತ್ತದೆ. ಗಾಜು ಪೂರ್ತಿ ಏರಿಸಿ, ಇಗ್ನಿಷನ್ ಆಫ್ ಮಾಡಿ, ಬ್ಯಾಟರಿ ಮೈನಸ್ ಕಳಚಿ, ಪುಸ್ತಕ ಹೇಳಿದಷ್ಟು ಹೊತ್ತು ಕಾಯಿರಿ. ಆ ಸೆನ್ಸರನ್ನು ಕಳಚಲೇಬೇಡಿ.

ಸ್ಕ್ರೂಗಳು ಸಾಮಾನ್ಯವಾಗಿ ಹಿಡಿಕೆಯ ಹಿಂದೆ, ಕೈ ಇಡುವ ಜಾಗದ ಸಣ್ಣ ಮುಚ್ಚಳದ ಕೆಳಗೆ ಅಡಗಿರುತ್ತವೆ. ಅವನ್ನು ಬಿಚ್ಚಿದ ಮೇಲೆ ಕೆಳಗಿನ ಅಂಚಿನಿಂದ ಕ್ಲಿಪ್ಪುಗಳನ್ನು ಒಂದೊಂದಾಗಿ ಎಬ್ಬಿಸಿ, ಕೊನೆಗೆ ಪ್ಯಾಡನ್ನು ಮೇಲಕ್ಕೆ ಎತ್ತಿ ತೆಗೆಯಿರಿ. ಸಿಕ್ಕಿಕೊಂಡಂತೆ ಅನಿಸಿದರೆ ಎಳೆಯಬೇಡಿ, ಇನ್ನೊಂದು ಸ್ಕ್ರೂ ಎಲ್ಲೋ ಉಳಿದಿದೆ. ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ಬಿಡಿಸಿ. ಅದು ಬಾಗಿಲಿನೊಳಗೆ ಇಳಿಯುವ ಮಳೆನೀರನ್ನು ತಡೆಯುವ ಗೋಡೆ.

ಪರೀಕ್ಷೆಗೆ ಬ್ಯಾಟರಿ ಮತ್ತೆ ಜೋಡಿಸಿ, ಮೋಟಾರಿನ ಕನೆಕ್ಟರ್ ಕಳಚಿ, ಬರೀ ಎರಡು ವೈರಿನ ಮೋಟಾರಾದರೆ ಆ ಎರಡಕ್ಕೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿಯಿರಿ. ಒಳಗಿನ ಸ್ವಿಚ್ಚು ಒತ್ತಿದಾಗ ದೀಪ ಒಮ್ಮೆ ಮಿಂಚಬೇಕು. ಇಲ್ಲಿ ಮಲ್ಟಿಮೀಟರಿಗಿಂತ ದೀಪವೇ ವಾಸಿ. ಕರೆಂಟು ಬರುವುದು ಒಂದು ಕ್ಷಣ ಮಾತ್ರ, ಡಿಜಿಟಲ್ ಮೀಟರ್ ಅಂಕಿ ತೋರಿಸುವಷ್ಟರಲ್ಲಿ ಅದು ಹೋಗಿಬಿಟ್ಟಿರುತ್ತದೆ. ದೀಪ ಮಿಂಚಿದರೆ ಮೋಟಾರು ಕೆಟ್ಟಿದೆ, ಬದಲಿಸಿ. ಮಿಂಚದಿದ್ದರೆ ದೋಷ ಇನ್ನೂ ಹಿಂದಿದೆ. ಹೊಸ ಕಾರುಗಳಲ್ಲಿ ಮೋಟಾರು, ಸ್ವಿಚ್ಚು, ಬೀಗ ಎಲ್ಲ ಒಂದೇ ಡಬ್ಬಿಯಲ್ಲಿ ಇರುತ್ತವೆ, ಕನೆಕ್ಟರಿನಲ್ಲಿ ಹಲವು ಪಿನ್ ಇರುತ್ತವೆ. ವೈರಿಂಗ್ ನಕ್ಷೆ ಇಲ್ಲದೆ ಅವುಗಳಿಗೆ ದೀಪವನ್ನಾಗಲಿ ನೇರ ಕರೆಂಟನ್ನಾಗಲಿ ಕೊಡಬೇಡಿ, ಕಂಟ್ರೋಲ್ ಯೂನಿಟ್ಟೇ ಹಾಳಾದೀತು.

ಮೋಟಾರು ತಿರುಗಿ ಲಾಕ್ ಕದಲದಿದ್ದರೆ ಕಡ್ಡಿಯ ಪ್ಲಾಸ್ಟಿಕ್ ಕ್ಲಿಪ್ ನೋಡಿ, ಅದು ಪುಡಿಯಾಗಿರಬಹುದು. ಬೀಗ ಬಿಗಿಯಾಗಿದ್ದರೆ ಹಳೇ ಗ್ರೀಸು ಒರೆಸಿ ಬಿಳಿ ಲಿಥಿಯಂ ಗ್ರೀಸು ಹಚ್ಚಿ. ಕೀ ಹಾಕುವ ತೂತಿಗೆ ಮಾತ್ರ ಎಣ್ಣೆ ಬೇಡ, ದೂಳು ಹಿಡಿದು ಅಂಟಾಗುತ್ತದೆ. ಅಲ್ಲಿಗೆ ಗ್ರಾಫೈಟ್ ಪುಡಿ ಸರಿ.

ಫ್ಯೂಸು, ವೈರು, ಮೋಟಾರು ಎಲ್ಲ ಸರಿಯಿದ್ದೂ ಲಾಕ್ ಬೀಳುತ್ತಿಲ್ಲವಾ? ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದು, ಲಾಕುಗಳು ತಾವಾಗೇ ಟಕಟಕ ಅನ್ನುತ್ತಿವೆಯಾ? ಆಗ ಕಂಟ್ರೋಲ್ ಯೂನಿಟ್ ನೋಡಬೇಕು. ಅದಕ್ಕೆ ಅದರ ದೋಷ ಓದುವ ಸ್ಕ್ಯಾನರ್ ಇರುವ ಆಟೋ ಎಲೆಕ್ಟ್ರಿಷಿಯನ್ ಹತ್ತಿರವೇ ಹೋಗಿ. ನೀವು ಈವರೆಗೆ ನೋಡಿದ್ದನ್ನೆಲ್ಲ ಅವರಿಗೆ ಹೇಳಿದರೆ ಅವರ ಕೆಲಸವೂ ಬೇಗ ಆಗುತ್ತದೆ.

ಪ್ಯಾಡ್ ಮುಚ್ಚುವ ಮೊದಲು, ಬಾಗಿಲು ತೆರೆದೇ ಇಟ್ಟು ಇಪ್ಪತ್ತು ಸಲ ಲಾಕ್ ಮಾಡಿ ಬಿಚ್ಚಿ. ಬಾಗಿಲು ಮುಚ್ಚಿದೆ ಎಂದು ಕಾರು ತಿಳಿಯಲೆಂದು ಬೀಗದ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಮುಚ್ಚಿದ್ದರೆ, ಹಿಡಿಕೆ ಎಳೆದು ಅದನ್ನು ಬಿಡಿಸಿಯೇ ಬಾಗಿಲು ಮುಚ್ಚಿ. ಆಮೇಲೆ ಗಾಜು ಇಳಿಸಿ, ಬಾಗಿಲು ಮುಚ್ಚಿ ಮತ್ತೆ ಇಪ್ಪತ್ತು ಸಲ. ಒಳಗಿನ ಹಿಡಿಕೆ, ಹೊರಗಿನ ಹಿಡಿಕೆ ಎರಡರಿಂದಲೂ ತೆರೆದು ನೋಡಿ. ಎಲ್ಲವೂ ಸರಿ ಬಂದ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ, ಕ್ಲಿಪ್ಪುಗಳನ್ನು ಅಂಗೈಯಿಂದ ಗುದ್ದಿ ಕೂರಿಸಿ.